ಕೆಂಪು ಮರಳಿನಲ್ಲಿ ಕೊಂಬಿನ ಜಾಡು

ಗೆಮ್ಸ್‌ಬಾಕ್‌ನ ಮೂಗಿನ ವಿಚಾರ ಹೇಳದೆ ಕಲಹಾರಿ ಮರುಭೂಮಿಯ ಮಾತು ಶುರು ಮಾಡಲು ನನಗೆ ಮನಸ್ಸು ಬರುತ್ತಿಲ್ಲ. ಓರಿಕ್ಸ್ ಜಾತಿಯ ಈ ಹುಲ್ಲೆ ಭುಜದ ಬಳಿ 4 ಅಡಿ ಎತ್ತರ, ತೂಕ 200 ಕಿಲೋ ಆಸುಪಾಸು. ಬೂದು ಮೈ, ಬಿಳಿ ಹೊಟ್ಟೆ, ಮುಖದ ತುಂಬ ಕಪ್ಪು ಪಟ್ಟೆ. ನೆರಳೇ ಇಲ್ಲದ ದಿಬ್ಬದ ಮೇಲೆ ನಡುಮಧ್ಯಾಹ್ನ ಸುಮ್ಮನೆ ನಿಂತಿರುತ್ತದೆ. ಬೆವರಿ ತಣ್ಣಗಾಗೋಣವೆಂದರೆ ಬೆವರಿಗೂ ನೀರು ಬೇಕು; ನೀರು ಎಲ್ಲಿದೆ? ಹಾಗಾಗಿ ಬೆವರುವುದನ್ನು ಆದಷ್ಟು ಮುಂದೂಡಿ ಮೈ ಬಿಸಿಯೇರಲು ಬಿಟ್ಟುಬಿಡುತ್ತದೆ. ಇದರ ಪೂರ್ವ ಆಫ್ರಿಕಾದ ದಾಯಾದಿಯನ್ನು ಪ್ರಯೋಗಶಾಲೆಯಲ್ಲಿ ನೀರಿಲ್ಲದೆ ಇಟ್ಟು ಪರೀಕ್ಷಿಸಿದಾಗ ಮೈಬಿಸಿ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಷ್ಟು ಜ್ವರ ಬಂದರೆ ಮನುಷ್ಯ ಉಳಿಯುವುದು ಕಷ್ಟ. ಓರಿಕ್ಸ್‌ಗೆ ಏನೂ ಆಗುವುದಿಲ್ಲ. ಮಿದುಳಿಗೆ ಹೋಗುವ ರಕ್ತ ಅದರ ತಲೆಯ ಬುಡದಲ್ಲಿ ಎಳೆಎಳೆಯಾದ ನಾಳಗಳ ಬಲೆಯಾಗಿ ಒಡೆಯುತ್ತದೆ. ಉಸಿರಾಡುವಾಗ ಮೂಗಿನ ಹಸಿಯಲ್ಲಿ ತಣಿದ ರಕ್ತ ಆ ಬಲೆಯನ್ನು ಸುತ್ತುವರಿದು ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಮೈ ಕಾದರೂ ತಲೆ ತಂಪು.

ಇಂಥ ಮೂಗನ್ನು ನೋಡಲು ಅಷ್ಟು ದೂರ ಯಾರೂ ಹೋಗುವುದಿಲ್ಲ. ಹೋಗುವವರೆಲ್ಲ ಹೋಗುವುದು ಕೊಂಬಿಗೆ. ಕೊಂಬು ಅಂದರೆ ಕೊಂಬೇ ಸರಿ: ಈಟಿಯ ಹಾಗೆ ನೆಟ್ಟಗೆ, ಒಂದು ಮೀಟರ್‌ವರೆಗೂ ಉದ್ದ, ಗಂಡಿಗೂ ಉಂಟು, ಹೆಣ್ಣಿಗೂ ಉಂಟು. ಹೆಣ್ಣಿನದು ಸಪೂರ, ಸಾಮಾನ್ಯವಾಗಿ ಗಂಡಿನದಕ್ಕಿಂತ ಉದ್ದ. ಗೋಡೆಗೆ ತೂಗುಹಾಕಲು ಉದ್ದವನ್ನೇ ಅಳೆಯುವ ಬೇಟೆಗಾರರು ಹಾಗಾಗಿ ಹೆಣ್ಣಿನ ಮೇಲೂ ಕಣ್ಣಿಡುತ್ತಾರೆ.

ಬೆಂಗಳೂರಿನಿಂದ ಅಡಿಸ್ ಅಬಾಬಾ ಮೂಲಕ ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ಸೇರಬಹುದು. ವಿಮಾನ ನಿಲ್ದಾಣ ಊರಿನಿಂದ 40 ಕಿಲೋಮೀಟರಿಗೂ ಆಚೆ, ಬಯಲಿನ ನಡುವೆ. ಕರ್ನಾಟಕದ ನಾಲ್ಕು ಪಟ್ಟು ದೊಡ್ಡ ದೇಶ, ಜನ 30 ಲಕ್ಷ. ಈ ಲೆಕ್ಕ ತಲೆಗೆ ಹತ್ತುವುದು ದಕ್ಷಿಣಕ್ಕೆ ಹೊರಟ ಮೇಲೆ. ರೆಹೊಬೊತ್ ಊರು ದಾಟಿದ ಮೇಲೆ ಮಕರ ಸಂಕ್ರಾಂತಿ ವೃತ್ತದ ಫಲಕ ಸಿಗುತ್ತದೆ. ಆಮೇಲೆ ಎದುರಿಗೆ ಬರುವ ಪ್ರತಿಯೊಂದು ಗಾಡಿಯ ಚಾಲಕನೂ ಕೈ ಎತ್ತಿ ನಮಸ್ಕಾರ ಹೇಳುತ್ತಾನೆ, ಏಕೆಂದರೆ ಇನ್ನೊಬ್ಬ ಸಿಗಲು ಬಹಳ ಹೊತ್ತು ಬೇಕು.

ದಾರಿಬದಿಯ ಒಂಟೆಮುಳ್ಳಿನ ಮರಗಳಲ್ಲಿ ಯಾರೋ ಹುಲ್ಲಿನ ಬಣವೆಯನ್ನೇ ಎತ್ತಿಟ್ಟ ಹಾಗೆ ಕಾಣುತ್ತದೆ. ಅದು ಗೂಡು. ನಮ್ಮ ಗೀಜಗದ ದೂರದ ನೆಂಟ, ಸೋಷಿಯಬಲ್ ವೀವರ್ ಎಂಬ ಗುಬ್ಬಿಗಾತ್ರದ ಹಕ್ಕಿ ಕಟ್ಟಿದ್ದು. ನೂರಾರು ಹಕ್ಕಿಗಳು ಒಂದೇ ಸೂರಿನಡಿ, ಜೋಡಿಗೊಂದು ಕೋಣೆ, ಬಾಗಿಲೆಲ್ಲ ಕೆಳಮುಖ. ಹಗಲು ತಂಪು, ಚಳಿಯ ರಾತ್ರಿ ಬೆಚ್ಚಗೆ. ತಲೆಮಾರುಗಳ ಕಾಲ ಒಂದೇ ಗೂಡನ್ನು ದುರಸ್ತಿ ಮಾಡಿ ಬಳಸುತ್ತವೆ. ಕೊನೆಗೆ ಭಾರ ತಾಳದೆ ಕೊಂಬೆಯೇ ಮುರಿಯುವುದುಂಟು. ಅದೇ ಗೂಡಿನ ಕೋಣೆಯೊಂದರಲ್ಲಿ ಪಿಗ್ಮಿ ಫಾಲ್ಕನ್ ಎಂಬ ಪುಟ್ಟ ಗಿಡುಗ ಬಾಡಿಗೆ ಕೊಡದೆ ಸಂಸಾರ ಹೂಡಿರುತ್ತದೆ.

ಮಾರಿಯೆಂಟಾಲ್ ಕಡೆಗೆ ಬಂದಂತೆ ನೆಲ ಕೆಂಪಾಯಿತು. ಕಲಹಾರಿಯ ದಿಬ್ಬಗಳು ನಮೀಬ್ ಮರುಭೂಮಿಯವುಗಳ ಹಾಗೆ ಅಲೆಯುವುದಿಲ್ಲ. ಹುಲ್ಲು ಬೇರು ಬಿಟ್ಟು ಹಿಡಿದು ನಿಲ್ಲಿಸಿದ ಹಳೆಯ ದಿಬ್ಬಗಳು ಇವು. ಒಂದರ ಪಕ್ಕ ಒಂದು ಸಾಲಾಗಿ ಮೈಲಿಗಟ್ಟಲೆ ಹೋಗುತ್ತವೆ, ನಡುವೆ ಬೀದಿಯಂಥ ಬಯಲು. ಮರಳಿನ ಪ್ರತಿ ಕಣಕ್ಕೂ ಕಬ್ಬಿಣದ ತುಕ್ಕಿನ ಲೇಪ. ಬೆಳಗಿನ ಎಳೆ ಬಿಸಿಲಿಗೆ ಅದು ಉರಿಯುವ ಬಣ್ಣಕ್ಕೆ ನಾನು ಹೆಸರು ಹುಡುಕುವುದನ್ನು ಬಿಟ್ಟೆ.

ನಾನು ಉಳಿದದ್ದು ಬೇಟೆಯ ಫಾರ್ಮಿನಲ್ಲಿ. ಯಜಮಾನ ಜರ್ಮನ್ ಮಾತಾಡುವ ಮೂರನೆಯ ತಲೆಮಾರಿನ ನಮೀಬಿಯಾದವನು. ಊಟದ ಮನೆಯ ಗೋಡೆಯಲ್ಲಿ, ನಮ್ಮ ದರ್ಶಿನಿಗಳಲ್ಲಿ ತಿಂಡಿಯ ಬೆಲೆ ಬರೆದು ಹಾಕುವಂತೆ, ಪ್ರಾಣಿಗಳ ದರಪಟ್ಟಿ. ನರಿ, ಸ್ಪ್ರಿಂಗ್‌ಬಾಕ್, ಗೆಮ್ಸ್‌ಬಾಕ್, ಕುಡು, ಜೀಬ್ರಾ, ಜಿರಾಫೆ. ಗೆಮ್ಸ್‌ಬಾಕ್‌ಗೆ ಕೆಲವು ನೂರು ಅಮೆರಿಕನ್ ಡಾಲರ್. ಕೆಳಗೆ ಒಂದು ಸಾಲು: ರಕ್ತ ಕಂಡರೆ ಹಣ ಕೊಟ್ಟಂತೆ. ಗಾಯಗೊಂಡ ಪ್ರಾಣಿ ಸಿಗದೆ ಹೋದರೂ ಪೂರ್ತಿ ದರ ತೆರಬೇಕು. ಇಡೀ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಅದೊಂದೇ ಸಾಲು, ಗುಂಡು ಹಾರಿಸುವ ಮುಂಚೆ ಯೋಚಿಸುವಂತೆ ಮಾಡುತ್ತದಲ್ಲ.

ಕಾನೂನು ಸಡಿಲವಲ್ಲ. ಟ್ರೋಫಿ ಬೇಟೆ ಫೆಬ್ರವರಿಯಿಂದ ನವೆಂಬರ್‌ವರೆಗೆ ಮಾತ್ರ. ವಿದೇಶಿಯೊಬ್ಬ ತಾನೇ ಕೋವಿ ಹಿಡಿದು ಹೊರಡುವಂತಿಲ್ಲ. ಸರ್ಕಾರದಲ್ಲಿ ನೋಂದಾಯಿಸಿದ ಮಾರ್ಗದರ್ಶಿ ಜೊತೆಗಿರಲೇಬೇಕು, ಪರವಾನಗಿ ಮೊದಲೇ ಪಡೆದಿರಬೇಕು. ರಾತ್ರಿ ಬೇಟೆ ಇಲ್ಲ. ಕೋವಿಯ ಗುಂಡಿಗೆ ಎಷ್ಟು ಶಕ್ತಿ ಇರಬೇಕೆಂಬುದಕ್ಕೂ ಲೆಕ್ಕ ಇದೆ: ಸ್ಪ್ರಿಂಗ್‌ಬಾಕ್‌ಗೆ ಕನಿಷ್ಠ 1350 ಜೂಲ್, ಗೆಮ್ಸ್‌ಬಾಕ್ ಮತ್ತು ಕುಡುಗೆ 2700, ಆನೆಗೆ 5400. ಪ್ರಾಣಿ ನರಳದೆ ಬೀಳಲಿ ಎಂದು.

ಆಸ್ಟ್ರಿಯಾದ ನಿವೃತ್ತ ಎಂಜಿನಿಯರ್ ಒಬ್ಬರು ಆಗ ಅಲ್ಲಿದ್ದರು. ಕೋವಿ ಹಿಡಿಯದ ನನ್ನನ್ನು ಜೊತೆಗೆ ಕರೆದೊಯ್ಯಲು ಅವರೂ ಒಪ್ಪಿದರು, ಯಜಮಾನನೂ ಒಪ್ಪಿದ. ಷರತ್ತು ಮೂರು: ಬಿಳಿ ಅಂಗಿ ಬೇಡ, ಸೆಂಟು ಬೇಡ, ಮಾತು ಬೇಡ. ಜುಲೈ ತಿಂಗಳ ನಸುಕು. ಮರುಭೂಮಿ ಎಂದು ತೆಳ್ಳಗಿನ ಬಟ್ಟೆ ತಂದವರು ಪಿಕಪ್ಪಿನ ಹಿಂಭಾಗದಲ್ಲಿ ನಿಂತು ಹಲ್ಲು ಕಡಿಯಬೇಕಾಗುತ್ತದೆ, ಅಂಥ ಚಳಿ.

ಮಲೆನಾಡಿನ ಹಂದಿ ಶಿಕಾರಿಯ ಕತೆಗಳನ್ನು ಕೇಳಿ ಬೆಳೆದವನಿಗೆ ಬೇಟೆ ಅಂದರೆ ಸೋವಿನವರ ಕೂಗು, ನಾಯಿಗಳ ಬೊಗಳು, ಒಡ್ಡಿನಲ್ಲಿ ಉಸಿರು ಬಿಗಿಹಿಡಿದು ಕೂತ ಕೋವಿಯವರು. ಇಲ್ಲಿ ಗದ್ದಲವೇ ಇಲ್ಲ. ಎಲ್ಲವೂ ಜಾಡು ನೋಡುವವನ ಕೈಯಲ್ಲಿ. ನಮ್ಮ ಜಾಡುಗಾರ ನಾಮಾ ಜನಾಂಗದವನು, ನಾಲಿಗೆಯನ್ನು ಅಂಗುಳಕ್ಕೆ ಚಟಕ್ಕನೆ ಬಡಿದು ಹೊರಡಿಸುವ ದನಿಗಳ ಭಾಷೆ ಅವನದು. ಗೆಮ್ಸ್‌ಬಾಕ್‌ನ ಹೆಜ್ಜೆಗಳು ದಿಬ್ಬದುದ್ದಕ್ಕೂ ಇದ್ದವು, ನನಗೆ ಎಲ್ಲವೂ ಒಂದೇ. ಅವನು ಒಂದರ ಬಳಿ ಕೂತು ಹುಲ್ಲುಕಡ್ಡಿಯಿಂದ ತೋರಿಸಿದ: ಹೆಜ್ಜೆಯ ಗುಳಿಯೊಳಗೆ ಹಾದುಹೋದ, ದಾರದಷ್ಟು ಸಣ್ಣ ಗೆರೆ. ರಾತ್ರಿ ಓಡಾಡುವ ಜೀರುಂಡೆಯದು. ಜೀರುಂಡೆ ಹೆಜ್ಜೆಯ ಮೇಲೆ ನಡೆದಿದೆ ಅಂದಮೇಲೆ ಹೆಜ್ಜೆ ನಿನ್ನೆಯದು. ಮುಂದೆ ಇನ್ನೊಂದು ಕಡೆ ಜೀರುಂಡೆಯ ಗೆರೆಯನ್ನು ಗೊರಸು ತುಳಿದು ಅಳಿಸಿತ್ತು. ಅದು ಈ ಬೆಳಗಿನದು. ನೆಲದ ಮೇಲೆ ಸಮಯ ಬರೆದಿರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಯಜಮಾನ ಜೇಬಿನಿಂದ ಬೂದಿಯ ಪುಟ್ಟ ಚೀಲ ತೆಗೆದು ತಟ್ಟಿದ. ಬೂದಿ ನಮ್ಮ ಮುಖದ ಕಡೆಗೆ ಹಾರಿತು. ಗಾಳಿ ಎದುರಿನಿಂದ ಬರುತ್ತಿದೆ, ಒಳ್ಳೆಯದು. ದಿಬ್ಬದ ನೆತ್ತಿಗೆ ಹೊಟ್ಟೆಯ ಮೇಲೆ ತೆವಳಿ ಹೋದೆವು. ಕೆಳಗಿನ ಬಯಲಿನಲ್ಲಿ ಒಂದು ಹಿಂಡು. ಯಜಮಾನ ದುರ್ಬೀನಿನಲ್ಲಿ ಒಂದೊಂದನ್ನೂ ಬಹಳ ಹೊತ್ತು ನೋಡಿದ. ಅತಿ ಉದ್ದ ಕೊಂಬಿನ ಎಳೆಯ ಹೆಣ್ಣನ್ನು ಬಿಟ್ಟ. ತುದಿ ಸವೆದು ಮೊಂಡಾದ ಕೊಂಬಿನ ಮುದಿ ಹೆಣ್ಣೊಂದನ್ನು ಆರಿಸಿದ. 1974ರಲ್ಲಿ ಹುಟ್ಟಿದ ಇಲ್ಲಿನ ವೃತ್ತಿಪರ ಬೇಟೆಗಾರರ ಸಂಘ ಈಚೆಗೆ ಪದಕ ಕೊಡುವಾಗ ಕೊಂಬಿನ ಉದ್ದವನ್ನಷ್ಟೇ ಅಲ್ಲ, ಪ್ರಾಣಿಯ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮರಿ ಹಾಕುವ ವಯಸ್ಸು ಕಳೆದದ್ದು ಹೋದರೆ ಹಿಂಡಿಗೆ ನಷ್ಟವಿಲ್ಲ ಎಂಬ ವಾದ.

ಮೂರು ಕಾಲಿನ ಕೋಲಿನ ಮೇಲೆ ಕೋವಿ ಇಟ್ಟು ಎಂಜಿನಿಯರ್ ಈಡು ಹೊಡೆದರು. ಪ್ರಾಣಿ ಮುಂಗಾಲು ಮಡಚಿತು, ಎದ್ದಿತು, ಸ್ವಲ್ಪ ದೂರ ಓಡಿ ಬಿತ್ತು. ಉಳಿದವು ಮುಂದಿನ ದಿಬ್ಬ ಹತ್ತಿ ನಿಂತು ತಿರುಗಿ ನೋಡಿದವು.

ಹತ್ತಿರ ಹೋದಾಗ ಎಲ್ಲರೂ ಟೋಪಿ ತೆಗೆದರು. ಯಜಮಾನ ಪೊದೆಯಿಂದ ಒಂದು ಹಸಿರು ಕಡ್ಡಿ ಮುರಿದು ಪ್ರಾಣಿಯ ಬಾಯಿಗಿಟ್ಟ. ಜರ್ಮನ್ ಬೇಟೆಗಾರರ ಹಳೆಯ ಪದ್ಧತಿ, ಕೊನೆಯ ತುತ್ತು. ಇನ್ನೊಂದು ಕಡ್ಡಿ ಹೊಡೆದವರ ಟೋಪಿಗೆ. ಆಮೇಲೆ ರಕ್ತ ಒರೆಸಿ, ನಾಲಿಗೆ ಒಳಗೆ ಸೇರಿಸಿ, ಫೋಟೋ. ಆಮೇಲೆ ಟೇಪು. ಎಂಜಿನಿಯರ್ ಕಣ್ಣಿನಲ್ಲಿ ನೀರಿತ್ತು, ನಟನೆಯಲ್ಲ. ಅವರ ಸಂತೋಷವನ್ನು ನಾನು ಅನುಮಾನಿಸುವುದಿಲ್ಲ, ಹಂಚಿಕೊಳ್ಳಲೂ ಆಗಲಿಲ್ಲ. ಎಲ್ಲರೂ ಕೊಂಬಿನ ಸುತ್ತ ಇದ್ದಾಗ ನಾನು ಮೂಗನ್ನು ಮುಟ್ಟಿ ನೋಡಿದೆ. ಇನ್ನೂ ಒದ್ದೆಯಾಗಿತ್ತು.

ಸುಲಿಯುವ ಶೆಡ್ಡಿನಲ್ಲಿ ಒಂದು ಚೂರೂ ದಂಡವಾಗಲಿಲ್ಲ. ಹೊಟ್ಟೆಯೊಳಗೆ ಒಣಹುಲ್ಲು, ಜೊತೆಗೆ ತ್ಸಾಮ್ಮಾ ಎಂಬ ಕಾಡು ಕಲ್ಲಂಗಡಿಯ ಬೀಜ. ನೀರಿನ ಕೊಳವೇ ಇಲ್ಲದ ಕಡೆ ಇವು ಬದುಕುವುದು ಆ ಕಾಯಿಯ ರಸದಿಂದ, ನೆಲ ಕೆದರಿ ತೆಗೆಯುವ ಗೆಡ್ಡೆಗಳಿಂದ. ಮಾಂಸದಲ್ಲಿ ಒಂದು ಪಾಲು ಕೆಲಸದವರ ಮನೆಗಳಿಗೆ, ಒಂದು ಪಾಲು ನಮ್ಮ ಊಟಕ್ಕೆ, ಉಳಿದದ್ದು ಉಪ್ಪು ಮತ್ತು ಕೊತ್ತಂಬರಿ ಬೀಜದ ಪುಡಿ ಹಚ್ಚಿ ಒಣಗಿಸುವ ಬಿಲ್ಟಾಂಗ್‌ಗೆ. ಹಣ ಕೊಟ್ಟವರಿಗೆ ಸೇರುವುದು ತಲೆಬುರುಡೆ, ಕೊಂಬು, ಚರ್ಮ ಮಾತ್ರ. ಅದೂ ಕಾಗದಪತ್ರ ಮುಗಿದು ಆಸ್ಟ್ರಿಯಾ ಮುಟ್ಟಲು ತಿಂಗಳುಗಳು ಬೇಕು.

ಆ ರಾತ್ರಿ ಬೆಂಕಿಯ ಮುಂದೆ ಯಜಮಾನ ಹೇಳಿದ ಮಾತು ಒಂದು ಇತಿಹಾಸ. ಅವನ ಅಜ್ಜನ ಕಾಲದಲ್ಲಿ ಇಲ್ಲಿದ್ದದ್ದು ಕರಾಕುಲ್ ಕುರಿ, ಮರಿಯ ಗುಂಗುರು ಚರ್ಮಕ್ಕಾಗಿ. ಕಾಡುಪ್ರಾಣಿ ಸರ್ಕಾರದ ಸೊತ್ತು. ಕುರಿಯ ಹುಲ್ಲನ್ನು ಮೇಯುವ ಗೆಮ್ಸ್‌ಬಾಕ್ ರೈತನಿಗೆ ಬರೀ ಕಾಟ, ಕಂಡಲ್ಲಿ ಕೊಲ್ಲುತ್ತಿದ್ದರು. 1967 ಮತ್ತು 1975ರ ಕಾನೂನುಗಳು ಬೇಲಿಯೊಳಗಿನ ಪ್ರಾಣಿಯ ಒಡೆತನವನ್ನು ಜಮೀನುದಾರನಿಗೆ ಕೊಟ್ಟವು. 1980ರ ದಶಕದಲ್ಲಿ ಕುರಿಚರ್ಮದ ಪೇಟೆ ಬಿದ್ದುಹೋಯಿತು. ಅಲ್ಲಿಗೆ ಗೆಮ್ಸ್‌ಬಾಕ್ ಆದಾಯವಾಯಿತು, ಸಂಖ್ಯೆಯೂ ಏರಿತು.

ಅವನು ಹೇಳದೆ ಬಿಟ್ಟದ್ದೂ ಇದೆ. ಆ ಜಮೀನು ಬಂದದ್ದು ಹೇಗೆ? 1904ರಿಂದ 1908ರವರೆಗೆ ಜರ್ಮನ್ ವಸಾಹತು ಸೇನೆ ಹೆರೆರೊ ಮತ್ತು ನಾಮಾ ಜನರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಂದಿತು. ಹೆರೆರೊಗಳನ್ನು ಇದೇ ಕಲಹಾರಿಯ ಅಂಚಿನ ಒಮಾಹೆಕೆ ಮರುಭೂಮಿಗೆ ಅಟ್ಟಿ ನೀರಿನ ದಾರಿಗಳನ್ನು ಮುಚ್ಚಿತು. ಅದನ್ನು ನರಮೇಧವೆಂದು ಜರ್ಮನಿ ಅಧಿಕೃತವಾಗಿ ಒಪ್ಪಿದ್ದು 2021ರಲ್ಲಿ. 2018ರ ಸರ್ಕಾರಿ ಲೆಕ್ಕದಲ್ಲೂ ಖಾಸಗಿ ಕೃಷಿ ಜಮೀನಿನ ಶೇ 70ರಷ್ಟು ಬಿಳಿಯರ ಕೈಯಲ್ಲೇ ಇತ್ತು. ಬೆಳಗ್ಗೆ ಜೀರುಂಡೆಯ ಗೆರೆ ಓದಿದವನು ತನ್ನ ಪೂರ್ವಜರ ನೆಲದಲ್ಲಿ ಇನ್ನೊಬ್ಬನ ಪ್ರಾಣಿಯ ಜಾಡು ಹಿಡಿಯುತ್ತಿದ್ದ.

ಹಾಗಾಗಿ ನಾನು ವಾಯವ್ಯಕ್ಕೆ, ಕುನೆನೆ ಪ್ರಾಂತ್ಯಕ್ಕೆ ಹೋಗಬೇಕಿತ್ತು. ಅಲ್ಲಿ ನೆಲವನ್ನು ಬಳಸುವ ಹಕ್ಕು ಊರಿನವರದು. ಟ್ವೈಫೆಲ್‌ಫಾಂಟೈನ್‌ನ ಕೆಂಪು ಬಂಡೆಗಳಲ್ಲಿ ಬೇಟೆಗಾರರು ಸಾವಿರಾರು ವರ್ಷಗಳ ಹಿಂದೆ ಕೊರೆದ 2000ಕ್ಕೂ ಹೆಚ್ಚು ಚಿತ್ರಗಳಿವೆ; 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಒಂದು ಸಿಂಹದ ಪಂಜಕ್ಕೆ ಮನುಷ್ಯನಂತೆ ಐದು ಬೆರಳು, ಬಾಲದ ತುದಿಯಲ್ಲೂ ಒಂದು ಪಂಜ. ಬೇಟೆಗಾರನೇ ಮೃಗವಾಗುವ ಆ ಕ್ಷಣವನ್ನು ಕಲ್ಲಿಗಿಳಿಸಿದವನಿಗೆ ಟೇಪು ಬೇಕಿರಲಿಲ್ಲ.

ಬಂಡೆಯಿಂದ ಕೆಳಗಿಳಿದರೆ ಅಬಾ ಹುವಾಬ್ ನದಿ. ನದಿ ಎಂದರೆ ನೀರಲ್ಲ, ಮರಳಿನ ಪಾತ್ರ. ಅದರಲ್ಲಿ ಆನೆಗಳು ನಡೆದು ಬಂದವು. ನಾಗರಹೊಳೆಯ ಹಸಿರಿನಲ್ಲಿ ಆನೆ ನೋಡಿದ ಕಣ್ಣಿಗೆ ಇದು ನಂಬಲಾಗದ ನೋಟ: ಸುತ್ತ ಕಲ್ಲು, ಮೇಲೆ ಬೋಳು ಆಕಾಶ, ನಡುವೆ ದೂಳು ಬಣ್ಣದ ಆನೆ ಕುಟುಂಬ. ಕಾಲು ಮತ್ತು ಸೊಂಡಿಲಿನಿಂದ ಮರಳು ತೋಡಿ ಒರತೆ ಮಾಡಿಕೊಂಡವು. ಅವು ಹೋದ ಮೇಲೆ ಆ ಒರತೆಗೆ ಬೇರೆ ಪ್ರಾಣಿಗಳ ಸರದಿ. ಅನಾ ಮರದ ಕಾಯಿ ಉದುರುವ ಕಾಲ ಅವಕ್ಕೆ ಗೊತ್ತು, ಒಂದು ಒಣನದಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ತಾಯಿಯಿಂದ ಮಗಳಿಗೆ ಬರುತ್ತದೆ.

ಅದೇ ಆನೆಗಳು ಊರಿನವರ ನೀರಿನ ಟ್ಯಾಂಕು ಒಡೆಯುತ್ತವೆ, ತೋಟ ಹಾಳು ಮಾಡುತ್ತವೆ. ಸಕಲೇಶಪುರ, ಆಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರ ದಶಕದ ಆರಂಭದಲ್ಲಿ ಬರ ಮತ್ತು ಕಳ್ಳಬೇಟೆಯಿಂದ ಈ ಸೀಮೆಯ ಘೇಂಡಾಮೃಗ, ಆನೆಗಳು ಮುಗಿಯುತ್ತ ಬಂದಾಗ ಗಾರ್ತ್ ಓವೆನ್‌ಸ್ಮಿತ್ ಎಂಬವರು ಊರ ಮುಖಂಡರ ಬಳಿ ಹೋಗಿ, ಕಾವಲಿಗೆ ನಿಮ್ಮವರನ್ನೇ ಕೊಡಿ ಎಂದರು. ಕಾಡು ಬಲ್ಲ ಊರವರೇ ಕಾವಲಿನವರಾದರು. ಓವೆನ್‌ಸ್ಮಿತ್‌ಗೂ ಅವರ ಜೊತೆಗಾರ್ತಿ ಮಾರ್ಗರೆಟ್ ಜೇಕಬ್‌ಸನ್‌ಗೂ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ನಮೀಬಿಯಾಕ್ಕೆ ಸ್ವಾತಂತ್ರ್ಯ ಬಂದು ಆರು ವರ್ಷಕ್ಕೆ, 1996ರ ಕಾನೂನು ಬಿಳಿ ಜಮೀನುದಾರರಿಗಷ್ಟೇ ಇದ್ದ ಹಕ್ಕನ್ನು ಹಳ್ಳಿಯ ಒಕ್ಕೂಟಗಳಿಗೂ ಕೊಟ್ಟಿತು. ಇವಕ್ಕೆ ಕನ್ಸರ್ವೆನ್ಸಿ ಎಂದು ಹೆಸರು. 1998ರಲ್ಲಿ ನಾಲ್ಕು ಇದ್ದವು. ಈಗ 80ಕ್ಕೂ ಹೆಚ್ಚು, ದೇಶದ ಐದನೇ ಒಂದರಷ್ಟು ನೆಲದಲ್ಲಿ.

ಒಬ್ಬ ಕಾವಲುಗಾರ ತನ್ನ ಚೀಲದಿಂದ ಪುಸ್ತಕ ತೆಗೆದು ತೋರಿಸಿದ. ಸಿಂಹ ಮೇಕೆ ಹಿಡಿದದ್ದು, ಬಲೆ ಸಿಕ್ಕಿದ್ದು, ಸತ್ತ ಜೀಬ್ರಾ, ಎಲ್ಲಕ್ಕೂ ಒಂದೊಂದು ಗುರುತು. ಈ ಪುಸ್ತಕಗಳು ಮತ್ತು ವರ್ಷಕ್ಕೊಮ್ಮೆ ನಡೆಯುವ ಪ್ರಾಣಿ ಎಣಿಕೆ ನೋಡಿ ಎಷ್ಟು ಬೇಟೆಗೆ ಕೊಡಬಹುದೆಂದು ಸರ್ಕಾರ ನಿಗದಿ ಮಾಡುತ್ತದೆ. ಹಣ ಒಕ್ಕೂಟಕ್ಕೆ, ಮಾಂಸ ಮನೆಮನೆಗೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 77 ಕನ್ಸರ್ವೆನ್ಸಿಗಳ ಲೆಕ್ಕ ನೋಡಿತು: ಬೇಟೆಯಿಂದ ಆದಾಯ ಮೂರು ವರ್ಷದೊಳಗೆ ಶುರುವಾಗುತ್ತದೆ, ಪ್ರವಾಸೋದ್ಯಮಕ್ಕೆ ಆರು ವರ್ಷ ಬೇಕು. ಸಂಬಳದ ಉದ್ಯೋಗ ಕೊಡುವುದು ಮಾತ್ರ ಲಾಡ್ಜುಗಳೇ. ಆದರೆ ರಸ್ತೆಯಿಲ್ಲದ, ನೋಟವಿಲ್ಲದ ಮೂಲೆಗೆ ಕ್ಯಾಮೆರಾದವರು ಬರುವುದಿಲ್ಲ, ಕೋವಿಯವರು ಬರುತ್ತಾರೆ.

ಈ ವ್ಯಾಪಾರದ ತುತ್ತತುದಿ 2014ರ ಜನವರಿಯಲ್ಲಿ ಕಂಡಿತು. ಒಂದು ಕಪ್ಪು ಘೇಂಡಾಮೃಗದ ಬೇಟೆಯ ಪರವಾನಗಿ ಅಮೆರಿಕದ ಡಲ್ಲಾಸ್‌ನಲ್ಲಿ 3,50,000 ಡಾಲರ್‌ಗೆ ಹರಾಜಾಯಿತು. ವರ್ಷಕ್ಕೆ ಐದನ್ನು ಹೊಡೆಯಲು ನಮೀಬಿಯಾಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ 2004ರಿಂದಲೇ ಇದೆ. ಜಗತ್ತು ಕೆರಳಿತು. 2015ರಲ್ಲಿ ಆ ಪರವಾನಗಿಯ ಗುಂಡಿಗೆ ಒಂದು ಮುದಿ ಗಂಡು ಸತ್ತಿತು. ಆಫ್ರಿಕಾದ ಅತಿ ದೊಡ್ಡ ಕಪ್ಪು ಘೇಂಡಾಮೃಗ ಸಂತತಿಗಳಲ್ಲಿ ಒಂದು ಇಂದು ನಮೀಬಿಯಾದಲ್ಲೇ ಇದೆ ಎಂಬುದೂ ಸತ್ಯ. ನಮಗೂ ಇದರ ನಂಟುಂಟು. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದ ಎಂಟು ಚೀತಾಗಳು ಈ ದೇಶದವು. ವರ್ಷಕ್ಕೆ 150 ಚೀತಾಗಳನ್ನು ಜೀವಂತವಾಗಿಯೋ ಟ್ರೋಫಿಯಾಗಿಯೋ ಹೊರಕಳಿಸಲು ಇದೇ ದೇಶಕ್ಕೆ ಕೋಟಾ ಇದೆ ಎಂಬುದು ನಮ್ಮ ಸಂಭ್ರಮದ ಸುದ್ದಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ.

ಇಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಕುನೆನೆಯಲ್ಲಿ ವರ್ಷಾನುವರ್ಷದ ಬರದಿಂದ ಗೆಮ್ಸ್‌ಬಾಕ್, ಸ್ಪ್ರಿಂಗ್‌ಬಾಕ್, ಜೀಬ್ರಾ ತೀರಾ ಇಳಿದಿವೆ, ಹಸಿದ ಸಿಂಹ ಮೇಕೆದೊಡ್ಡಿಗೆ ಬರುತ್ತದೆ. 2024ರ ಬರದಲ್ಲಿ ಸರ್ಕಾರ 83 ಆನೆ ಸೇರಿ 723 ಕಾಡುಪ್ರಾಣಿಗಳನ್ನು ಕೊಂದು ಹಸಿದವರಿಗೆ ಮಾಂಸ ಹಂಚಲು ನಿರ್ಧರಿಸಿತು. ಇಂಥ ಕಾಲದಲ್ಲಿ ಬೇಟೆಯ ಕೋಟಾ ತಕ್ಷಣ ಇಳಿಯಬೇಕು, ಹಣದ ಆಸೆಗೆ ಹಾಗೆ ಆಗದಿದ್ದರೆ ವ್ಯವಸ್ಥೆ ತನ್ನ ಬುಡವನ್ನೇ ಕಡಿದುಕೊಂಡಂತೆ.

ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಮತ್ತೆ ಕೋವಿಯ ಸದ್ದು ಕೇಳಬೇಕೆಂದು ಯಾರಾದರೂ ನಮೀಬಿಯಾದ ಹೆಸರು ತಂದರೆ ನಾನು ಒಪ್ಪುವುದಿಲ್ಲ. ಚದರ ಕಿಲೋಮೀಟರಿಗೆ ನಾಲ್ಕು ಜನರೂ ಇಲ್ಲದ ನಾಡಿನ ಲೆಕ್ಕ, 300 ದಾಟಿದ ನಮ್ಮದಕ್ಕೆ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮಗೆ ಸರಿ. ಹಾಗೆಯೇ ಯೂರೋಪಿನ ಊರುಗಳಲ್ಲಿ ಕೂತು ಅವರ ಬೇಟೆ ನಿಲ್ಲಿಸಿ ಎನ್ನುವವರು, ಟ್ಯಾಂಕು ಒಡೆಸಿಕೊಂಡವನ ಖರ್ಚು ಕೊಡಲು ಮುಂದೆ ಬಾರದಿದ್ದರೆ, ಅವರ ಮಾತಿಗೂ ನನ್ನ ಸಹಿ ಇಲ್ಲ. ನನ್ನ ಮಟ್ಟಿಗೆ ಪ್ರಶ್ನೆ ಕೋವಿಯದಲ್ಲ, ಹಣ ಯಾರ ಕೈ ಸೇರುತ್ತದೆ ಎಂಬುದು. ಕಲಹಾರಿಯ ಫಾರ್ಮಿನಲ್ಲಿ ಅದಕ್ಕೆ ಸಿಕ್ಕ ಉತ್ತರ ನನಗೆ ಹಿಡಿಸಲಿಲ್ಲ. ಕುನೆನೆಯಲ್ಲಿ ಅರ್ಧ ಹಿಡಿಸಿತು.

ಹೋಗುವವರು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗಿ; ಎಲೆ ಉದುರಿ ಪ್ರಾಣಿ ಕಾಣುವುದು ಆಗಲೇ. ಬೆಳಗಿನ ಚಳಿಗೆ ದಪ್ಪ ಸ್ವೆಟರ್ ಇರಲಿ. ಕೋಣೆ ಕಾದಿರಿಸುವ ಮುಂಚೆ, ನಾನು ಕೊಡುವ ಹಣದಲ್ಲಿ ಇಲ್ಲಿನ ಕನ್ಸರ್ವೆನ್ಸಿಗೆ ಎಷ್ಟು ಹೋಗುತ್ತದೆ ಎಂದು ನೇರವಾಗಿ ಕೇಳಿ. ಲೆಕ್ಕ ಹೇಳಲು ತಡವರಿಸುವವರಲ್ಲಿ ಉಳಿಯಬೇಡಿ.